ಮನೆಗೆಲಸ ಬೇರೆ, ವ್ಯಾಯಾಮ ಬೇರೆ

"ಬೆಳಗ್ಗೆ ಎದ್ದಾಗಿನಿಂದ ನಿಂತೇ ಇರ್ತೀನಿ, ನನಗೆ ಬೇರೆ ವಾಕಿಂಗ್ ಯಾಕೆ ಡಾಕ್ಟ್ರೇ?" ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ಬರೆಸಿಕೊಳ್ಳಲು ಹೋದ ಹೆಂಗಸರು ಕೇಳುವ ಪ್ರಶ್ನೆ ಇದು. ಗಾರೆ ಕೆಲಸದವರು, ಮಂಡಿಯ ಹಮಾಲರು, ಪಾರ್ಸೆಲ್ ಹಂಚುವ ಹುಡುಗರು ಕೇಳುವುದೂ ಇದನ್ನೇ. ಪ್ರಶ್ನೆಯಲ್ಲಿ ನ್ಯಾಯವಿದೆ. ಕೈಯಲ್ಲಿರುವುದು ಪೊರಕೆಯೋ ಶಟಲ್ ಬ್ಯಾಟೋ ಎಂಬುದು ತೋಳಿನ ಸ್ನಾಯುವಿಗೇನು ಗೊತ್ತು? ಆದರೆ ಬಿಡುವಿನ ವೇಳೆಯಲ್ಲಿ ತಾನೇ ಆರಿಸಿಕೊಂಡು ಮಾಡುವ ವ್ಯಾಯಾಮಕ್ಕೂ, ಕೆಲಸವೆಂದು ಮಾಡಲೇಬೇಕಾದ ಶ್ರಮಕ್ಕೂ ದೇಹ ಒಂದೇ ಫಲ ಕೊಡುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಗಂಡಸರಿಗೂ ಹೆಂಗಸರಿಗೂ ಆ ಫಲ ಸಿಗುವ ಪ್ರಮಾಣವೂ ಒಂದೇ ಅಲ್ಲ.

ಮೊದಲು ಅಳತೆಯ ವಿಚಾರ. ಸುಮ್ಮನೆ ಕೂತಿರುವಾಗ ದೇಹ ಬಳಸುವ ಶಕ್ತಿಗೆ ಒಂದು ಮೆಟ್ ಎನ್ನುತ್ತಾರೆ. ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂಬುದು ಅದರ ಒಪ್ಪಿತ ಲೆಕ್ಕ. 3ರಿಂದ 6 ಮೆಟ್‌ವರೆಗಿನದು ಮಧ್ಯಮ ಚಟುವಟಿಕೆ, 6 ದಾಟಿದರೆ ತೀವ್ರ. ನಿಂತು ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು 2 ಮೆಟ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಕಸ ಗುಡಿಸಿ ನೆಲ ಒರೆಸಿದರೆ 3ರ ಹತ್ತಿರ ಬರುತ್ತದೆ. ಗಂಟೆಗೆ ಐದೂವರೆ ಕಿಲೋಮೀಟರ್ ವೇಗದ ನಡಿಗೆ 4ನ್ನು ದಾಟುತ್ತದೆ, ಗಂಟೆಗೆ 8 ಕಿಲೋಮೀಟರ್ ಓಟ 8ನ್ನು. ಅಂದರೆ ಹತ್ತು ಗಂಟೆ ನಿಂತು ದುಡಿದ ಗೃಹಿಣಿಗೆ ಸುಸ್ತಾಗುವುದು ನಿಜ, ಅವರ ಹೃದಯಬಡಿತ ಹೃದಯವನ್ನು ಬಲಪಡಿಸುವ ಮಟ್ಟಕ್ಕೆ ಏರುವುದು ಅಪರೂಪ ಎಂಬುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ ಬೇಕು ಎನ್ನುತ್ತದೆ. ಮನೆಗೆಲಸವನ್ನು ಅದು ಲೆಕ್ಕದಿಂದ ಹೊರಗಿಟ್ಟಿಲ್ಲ, ಬಿರುಸಾಗಿ ಮಾಡಿದರೆ ಅದೂ ಸೇರುತ್ತದೆ. ಬಿರುಸಾಗಿ ಎಂಬಲ್ಲೇ ಎಲ್ಲ ಇರುವುದು.

ಈ ವಿಷಯದ ವಿಜ್ಞಾನ ಶುರುವಾದದ್ದು ಬಸ್ಸಿನಲ್ಲಿ. ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯ ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಡೀ ಪಾಳಿ ಕೂತೇ ಇರುವ ಚಾಲಕರಿಗಿಂತ, ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಹಾಗಾದರೆ ಕೆಲಸದ ಶ್ರಮವೇ ಸಾಕಲ್ಲ ಎನ್ನಬಹುದು. ಮುಂದೆ ಅದೇ ಮಾರಿಸ್ ಸುಮಾರು 17 ಸಾವಿರ ಸರ್ಕಾರಿ ನೌಕರರನ್ನು ಗಮನಿಸಿ 1973ರಲ್ಲಿ ಹೇಳಿದ್ದು, ಮೇಜಿನ ಮುಂದೆ ಕೂರುವವರಲ್ಲಿ ಬಿಡುವಿನ ವೇಳೆಯ ಹುರುಪಿನ ವ್ಯಾಯಾಮವೇ ಹೃದಯವನ್ನು ಕಾಯುತ್ತದೆ ಎಂದು. ಈ ಎರಡೂ ಅಧ್ಯಯನಗಳಲ್ಲಿ ಇದ್ದವರು ಗಂಡಸರು ಮಾತ್ರ. ವ್ಯಾಯಾಮದ ಕುರಿತು ಮುಂದಿನ ಹಲವು ದಶಕ ಚಾಲ್ತಿಯಲ್ಲಿದ್ದ ಎಷ್ಟೋ ಮಾತುಗಳು ಗಂಡಸರ ದೇಹ ನೋಡಿ ಬರೆದವು ಎಂಬುದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕೆಲಸದ ಶ್ರಮದ ಇನ್ನೊಂದು ಮುಖ ಬಯಲಾದದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ 1,04,046 ಮಂದಿಯನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ಬಿಡುವಿನಲ್ಲಿ ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ, ತೀರ ಕಡಿಮೆ ಮಾಡುವವರಿಗಿಂತ ಸಾವಿನ ಪ್ರಮಾಣ ಶೇ 40ರಷ್ಟು ಕಡಿಮೆ ಇತ್ತು. ಕೆಲಸದಲ್ಲಿ ಅತಿ ಹೆಚ್ಚು ಶ್ರಮಪಡುವವರಲ್ಲಿ ಅದು ಶೇ 27ರಷ್ಟು ಹೆಚ್ಚಿತ್ತು. ಬೀಡಿ ಸಿಗರೇಟು, ಓದು, ಆದಾಯ ಇವನ್ನೆಲ್ಲ ಲೆಕ್ಕದಲ್ಲಿ ಸರಿಹೊಂದಿಸಿದ ಮೇಲೂ ಅಂತರ ಅಳಿಯಲಿಲ್ಲ. ಬಡತನದ ಪೆಟ್ಟನ್ನು ಅಂಕಿಗಳು ಪೂರ್ತಿ ಹಿಡಿಯಲಾರವು ಎಂಬ ತಕರಾರು ಇನ್ನೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ.

ಆದರೂ ದೇಹದ ಕಡೆಯಿಂದ ವಿವರಣೆ ಸಿಗುತ್ತದೆ. ವ್ಯಾಯಾಮ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹೃದಯ ಬಡಿತ ಏರುತ್ತದೆ, ಇಳಿಯುತ್ತದೆ, ಆಮೇಲೆ ಗಂಟೆಗಟ್ಟಲೆ ರಕ್ತದೊತ್ತಡ ತಗ್ಗಿರುತ್ತದೆ. ಕೂಲಿಯ ಶ್ರಮ ಎಂಟು ಗಂಟೆ ಎಳೆಯುತ್ತದೆ. ತರಬೇತಿ ಆಗುವಷ್ಟು ತೀವ್ರತೆ ಅದರಲ್ಲಿಲ್ಲ, ಸುಧಾರಿಸಿಕೊಳ್ಳುವಷ್ಟು ಬಿಡುವೂ ಇಲ್ಲ. ಬಗ್ಗಿ ನಾಟಿ ಮಾಡುವಾಗ, ತಲೆಯ ಮೇಲೆ ಇಟ್ಟಿಗೆ ಹೊರುವಾಗ, ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ ಸ್ನಾಯು ಬಿಗಿಹಿಡಿದೇ ಇರುತ್ತದೆ. ಆಗ ರಕ್ತನಾಳಗಳು ಒತ್ತಿಕೊಂಡು ಬಿಪಿ ಏರುತ್ತದೆ. ಮೆಟ್ಟಿಲು ಹತ್ತಿಳಿಯುತ್ತಿದ್ದ ಮಾರಿಸ್‌ನ ಕಂಡಕ್ಟರಿಗೂ ಈ ಕೆಲಸಗಾರರಿಗೂ ಇರುವ ವ್ಯತ್ಯಾಸ ಇದೇ.

ಡೆನ್ಮಾರ್ಕಿನದೇ ಇನ್ನೊಂದು ಪ್ರಯೋಗ ಇದಕ್ಕಿಂತ ಕುತೂಹಲದ್ದು. ಕಚೇರಿ, ಆಸ್ಪತ್ರೆ ಗುಡಿಸಿ ಒರೆಸುವ 116 ಸ್ವಚ್ಛತಾ ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ಅರ್ಧ ಗಂಟೆಯ ಏರೋಬಿಕ್ ವ್ಯಾಯಾಮ ಮಾಡಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ನಾಲ್ಕು ತಿಂಗಳಲ್ಲಿ ದಮ್ಮು, ಅಂದರೆ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ, ಹೆಚ್ಚಿತು, ಜೊತೆಗೆ ಇಡೀ ದಿನ ಅಳೆದಾಗ ಬಿಪಿಯ ಮೇಲಿನ ಅಂಕಿಯೂ ಮೂರೂವರೆ ಅಂಕದಷ್ಟು ಏರಿತು. ಮೊದಲೇ ದಣಿದ ದೇಹದ ಮೇಲೆ ಇನ್ನಷ್ಟು ಹೊರೆ ಹೇರಿದರೆ ಹೀಗೂ ಆಗಬಹುದು. ಹಾಗಾಗಿ ದಿನವಿಡೀ ಗದ್ದೆಯಲ್ಲಿ ಬಗ್ಗಿ ಬಂದವರಿಗೆ ಸಂಜೆ ಮೂರು ಕಿಲೋಮೀಟರ್ ನಡೆಯಿರಿ ಎನ್ನುವ ಸಲಹೆ ನನ್ನ ಪ್ರಕಾರ ಕೆಟ್ಟ ಸಲಹೆ. ಅವರಿಗೆ ಬೇಕಾದದ್ದು ಮೊದಲು ವಿರಾಮ, ಆಮೇಲೆ ಕೆಲಸದ ಭಂಗಿಗೆ ಎದುರಾದ ಚಲನೆ: ಬಗ್ಗಿದವರಿಗೆ ಬೆನ್ನು ಹಿಂದಕ್ಕೆ ಬಾಗಿಸುವುದು, ನಿಂತವರಿಗೆ ಮಲಗಿ ಕಾಲು ಗೋಡೆಗೆ ಏರಿಸುವುದು. ಹೆಚ್ಚಿನ ವ್ಯಾಯಾಮ ಕೆಲಸವಿಲ್ಲದ ದಿನಕ್ಕಿರಲಿ.

ಇಷ್ಟು ಹೊತ್ತು ಆಯುಷ್ಯದ ಮಾತಾಯಿತು. ಬದುಕಿನ ಗುಣಮಟ್ಟವನ್ನು ಅಳೆಯುವುದು ಹೇಗೆ? ಇದಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಎಫ್-36 ಎಂಬ 36 ಪ್ರಶ್ನೆಗಳ ಪಟ್ಟಿ. ಮೆಟ್ಟಿಲು ಹತ್ತಲು ಎಷ್ಟು ಕಷ್ಟ, ದಿನಸಿ ಚೀಲ ಎತ್ತಬಲ್ಲಿರಾ, ನೋವು ಕೆಲಸಕ್ಕೆ ಎಷ್ಟು ಅಡ್ಡಿ ಮಾಡಿತು, ಉತ್ಸಾಹವಿತ್ತೇ ಬಳಲಿಕೆ ಇತ್ತೇ ಎಂದೆಲ್ಲ ಕೇಳಿ, ದೇಹಶಕ್ತಿ, ನೋವು, ಚೈತನ್ಯ, ಮನಸ್ಸು, ಜನರೊಡನೆ ಒಡನಾಟ ಹೀಗೆ ಎಂಟು ವಿಭಾಗಗಳಲ್ಲಿ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಗೂ ಇಂಥದೇ 26 ಪ್ರಶ್ನೆಗಳ ಪಟ್ಟಿಯೊಂದಿದೆ. ಅದು ಕಳೆದ ಎರಡು ವಾರದ ಅನುಭವವನ್ನು ಕೇಳುತ್ತದೆ. ಅದರ ಮೂಲ ರೂಪವನ್ನು ಸಿದ್ಧಪಡಿಸಿದ ಕೇಂದ್ರಗಳಲ್ಲಿ ದೆಹಲಿ ಮತ್ತು ಮದ್ರಾಸ್ ಕೂಡ ಇದ್ದವು.

ಇಂಥ ಪಟ್ಟಿ ಹಿಡಿದು ಯಾವ ಊರಿನಲ್ಲಿ ಸಮೀಕ್ಷೆ ಮಾಡಿದರೂ ವ್ಯಾಯಾಮ ಮಾಡುವವರ ಅಂಕ ಮೇಲಿರುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಮಂಡಿ ನೋವಿಲ್ಲದವರು, ದುಡ್ಡು ಸಮಯ ಎರಡೂ ಇದ್ದವರು ತಾನೇ ಪಾರ್ಕಿಗೆ ಬರುವುದು! ಕಾರಣ ಯಾವುದು ಫಲ ಯಾವುದು ಎಂದು ತಿಳಿಯಬೇಕಾದರೆ ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಬೇಕು. ಅಮೆರಿಕದ ಡಲ್ಲಾಸ್‌ನಲ್ಲಿ ಹೀಗೆ ಮಾಡಿದ ಡ್ರೂ ಎಂಬ ಪ್ರಯೋಗ, ಈ ಇಡೀ ವಿಷಯದಲ್ಲಿ ನನಗೆ ಹೆಚ್ಚು ನೆಚ್ಚಿಕೆ ಇರುವ ಸಾಕ್ಷ್ಯ. ಮುಟ್ಟು ನಿಂತ, ತೂಕ ಹೆಚ್ಚಿದ್ದ, ಬಿಪಿ ಸ್ವಲ್ಪ ಮೇಲಿದ್ದ, ವ್ಯಾಯಾಮದ ಅಭ್ಯಾಸವೇ ಇಲ್ಲದ ನಾನೂರಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಸರಾಸರಿ ವಯಸ್ಸು 57. ಒಂದು ಗುಂಪು ಇದ್ದ ಹಾಗೇ ಇತ್ತು. ಉಳಿದ ಮೂರು ಗುಂಪುಗಳಿಗೆ ವಾರಕ್ಕೆ ಸರಿಸುಮಾರು 72, 136 ಮತ್ತು 192 ನಿಮಿಷ ವ್ಯಾಯಾಮ. ಟ್ರೆಡ್‌ಮಿಲ್ ಮೇಲೆ ನಡಿಗೆ, ಇಲ್ಲವೇ ಅಲ್ಲೇ ನಿಂತ ಸೈಕಲ್ ತುಳಿಯುವುದು. ತೀವ್ರತೆ ಅವರವರ ಗರಿಷ್ಠ ಸಾಮರ್ಥ್ಯದ ಅರ್ಧ. ಎಲ್ಲರೂ ಮೊದಲ ವಾರ ಕನಿಷ್ಠ ಪ್ರಮಾಣದಿಂದಲೇ ಶುರು ಮಾಡಿ ವಾರವಾರ ಏರಿಸಿಕೊಂಡರು.

ಆರು ತಿಂಗಳ ಕೊನೆಗೆ ದಮ್ಮು ಮೂರು ಗುಂಪುಗಳಲ್ಲಿ ಕ್ರಮವಾಗಿ ಶೇ 4.2, 6.0 ಮತ್ತು 8.2ರಷ್ಟು ಹೆಚ್ಚಿತ್ತು. ಎಸ್‌ಎಫ್-36ರ ಎಂಟು ವಿಭಾಗಗಳ ಪೈಕಿ ಏಳರಲ್ಲಿ, ವ್ಯಾಯಾಮ ಹೆಚ್ಚಿದಷ್ಟೂ ಅಂಕ ಹೆಚ್ಚಿತು. ನೋವಿನ ವಿಭಾಗ ಮಾತ್ರ ಈ ಏಣಿ ಹತ್ತಲಿಲ್ಲ. ಬಹಳ ಮುಖ್ಯವಾದದ್ದು ಇದು: ತೂಕ ಇಳಿದವರಿಗೂ ಇಳಿಯದವರಿಗೂ ಬದುಕಿನ ಗುಣಮಟ್ಟದಲ್ಲಿ ಲಾಭ ಒಂದೇ ಬಗೆಯದಾಗಿತ್ತು. ಮೂರು ತಿಂಗಳು ನಡೆದರೂ ಕಾಟಾ ಕದಲಲಿಲ್ಲವೆಂದು ವಾಕಿಂಗ್ ಬಿಟ್ಟವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 120 ಕ್ಯಾಲೊರಿ ಆಸುಪಾಸು, ಹಿಂತಿರುಗುವಾಗ ದರ್ಶಿನಿಯಲ್ಲಿ ತಿಂದ ಒಂದು ದೋಸೆಗೆ ಅದು ಚುಕ್ತಾ. ತೂಕಕ್ಕಾಗಿ ನಡೆಯುವವರಿಗೆ ನಿರಾಸೆ ಕಟ್ಟಿಟ್ಟದ್ದು.

ತೂಕ ಇಳಿಯದೆಯೂ ಬದುಕು ಹಗುರಾಗುವುದು ಹೇಗೆ ಎಂದರೆ, ಸಾಮರ್ಥ್ಯದ ಮೀಸಲಿನಿಂದ. ಗರಿಷ್ಠ ಸಾಮರ್ಥ್ಯವೇ 6 ಮೆಟ್ ಇರುವ ಹೆಂಗಸಿಗೆ, 4 ಮೆಟ್ ಬೇಡುವ ಮೆಟ್ಟಿಲು ಹತ್ತುವ ಕೆಲಸ ಮೂರರಲ್ಲಿ ಎರಡು ಪಾಲು ಶಕ್ತಿ ನುಂಗುತ್ತದೆ. ಗರಿಷ್ಠ ಮಟ್ಟ ತುಸು ಮೇಲೇರಿದರೂ ದಿನದ ಪ್ರತಿಯೊಂದು ಕೆಲಸ ಕಡಿಮೆ ಪಾಲು ಕೇಳುತ್ತದೆ, ಸಂಜೆಗೆ ಒಂದಿಷ್ಟು ಉಳಿಯುತ್ತದೆ. ಮನೆಗೆಲಸ ಈ ಮೀಸಲನ್ನು ಖರ್ಚು ಮಾಡುತ್ತದೆ, ಕೂಡಿಸುವುದಿಲ್ಲ. "ನನಗೆ ಬೇರೆ ವಾಕಿಂಗ್ ಯಾಕೆ" ಎಂಬುದಕ್ಕೆ ಉತ್ತರ ಇಷ್ಟೇ.

ಇನ್ನು ಗಂಡು ಹೆಣ್ಣಿನ ಲೆಕ್ಕ. ಅಮೆರಿಕದ 4,12,413 ವಯಸ್ಕರು ತಮ್ಮ ಬಿಡುವಿನ ವ್ಯಾಯಾಮದ ಬಗ್ಗೆ ಕೊಟ್ಟ ಮಾಹಿತಿಯನ್ನು ಎರಡು ದಶಕಗಳ ಸಾವಿನ ದಾಖಲೆಗಳೊಂದಿಗೆ ತಾಳೆ ಹಾಕಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಸಾವಿನ ಅಪಾಯ ಶೇ 18ರಷ್ಟು ತಗ್ಗಲು ವಾರಕ್ಕೆ 300 ನಿಮಿಷ ಬೇಕಾಯಿತು. ಹೆಂಗಸರು ಅಷ್ಟನ್ನು 140 ನಿಮಿಷಕ್ಕೇ ಪಡೆದರು. 300 ನಿಮಿಷ ಮಾಡಿದ ಹೆಂಗಸರಿಗೆ ಶೇ 24ರಷ್ಟು ಲಾಭವಾಯಿತು. ತೂಕ ಎತ್ತುವಂಥ ವ್ಯಾಯಾಮದಲ್ಲೂ ಗಂಡಸರು ವಾರಕ್ಕೆ ಮೂರು ಸಲ ಮಾಡಿ ಗಳಿಸಿದ್ದನ್ನು ಹೆಂಗಸರು ಒಂದೇ ಸಲಕ್ಕೆ ಗಳಿಸಿದರು. ಹೆಂಗಸರ ಹೃದಯ, ಶ್ವಾಸಕೋಶ ಚಿಕ್ಕವು, ಹಿಮೋಗ್ಲೋಬಿನ್ ಕಡಿಮೆ, ಸ್ನಾಯುವಿನ ಪಾಲೂ ಕಡಿಮೆ. ಹಾಗಾಗಿ ಗಂಡ ಹೆಂಡತಿ ಒಂದೇ ವೇಗದಲ್ಲಿ ಜೊತೆಗೆ ನಡೆದರೂ ಹೆಂಡತಿಯ ದೇಹ ತನ್ನ ಸಾಮರ್ಥ್ಯದ ದೊಡ್ಡ ಪಾಲನ್ನು ಬಳಸುತ್ತಿರುತ್ತದೆ ಎಂಬುದು ಒಪ್ಪಬಹುದಾದ ಕಾರಣ. ಇದು ಜನ ತಾವೇ ಹೇಳಿದ ನಿಮಿಷಗಳ ಲೆಕ್ಕ, ಅಷ್ಟರ ಮಟ್ಟಿಗೆ ಎಚ್ಚರ ಬೇಕು.

ಕಡಿಮೆ ಸಮಯದಲ್ಲಿ ಹೆಚ್ಚು ಫಲ ಪಡೆಯಬಲ್ಲವರಿಗೇ ಸಮಯವಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. 2022ರ ಅಂದಾಜಿನಂತೆ ಭಾರತದಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದವರು ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯಲ್ಲಿ ಬಿಡುವಿನ ವ್ಯಾಯಾಮ ಮಾಡುವವರು ಶೇ 10ಕ್ಕೂ ಕಡಿಮೆ ಸಿಕ್ಕಿದ್ದರು. ನಮ್ಮಲ್ಲಿ ಗರಡಿಮನೆ ಗಂಡಸರದಾಗಿತ್ತು. ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ದೊಡ್ಡವಳಾದ ಕೂಡಲೇ ಅಂಗಳದಿಂದ ಒಳಗೆ ಹೋದಳು. ಊರಿನ ವ್ಯವಸ್ಥೆಯೂ ಇದಕ್ಕೆ ತಕ್ಕಂತೆಯೇ ಇತ್ತು. ಗಂಡ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಗೃಹಿಣಿಗೆ ಬಿಡುವಾಗುವ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಬಡಾವಣೆಗಳ ಪಾರ್ಕುಗಳಿಗೆ ಬಹುಕಾಲ ಬೀಗ ಬೀಳುತ್ತಿತ್ತು. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಎಂಬ ತೀರ್ಮಾನ ಬಂದದ್ದು 2024ರಲ್ಲಿ.

ಪಾರ್ಕ್ ದೂರವಾದರೆ ತಾರಸಿ ಸಾಕು. 30×40 ಅಡಿಯ ತಾರಸಿಯಲ್ಲಿ ಗೋಡೆಯಿಂದ ಎರಡಡಿ ಒಳಗೆ ನಡೆದರೆ ಒಂದು ಸುತ್ತು ಸುಮಾರು 38 ಮೀಟರ್. 27 ಸುತ್ತಿಗೆ ಒಂದು ಕಿಲೋಮೀಟರ್ ಆಗುತ್ತದೆ. ಒಂದೇ ದಿಕ್ಕಿಗೆ ತಿರುಗುತ್ತಿದ್ದರೆ ಒಂದು ಪಕ್ಕದ ಮಂಡಿ, ಸೊಂಟಕ್ಕೆ ಹೊರೆ ಬೀಳುತ್ತದೆ, ಅರ್ಧಕ್ಕೆ ದಿಕ್ಕು ಬದಲಿಸಬೇಕು. ವೇಗ ತಿಳಿಯಲು ಗಡಿಯಾರ ಸಾಕು: 15 ಸೆಕೆಂಡಿಗೆ 25 ಹೆಜ್ಜೆ, ಅಂದರೆ ನಿಮಿಷಕ್ಕೆ 100 ಬಿದ್ದರೆ ಹೆಚ್ಚಿನವರಿಗೆ ಅದು ಮಧ್ಯಮ ತೀವ್ರತೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಲ್ಕು ಜನ ಸಾಲಾಗಿ ಸೊಸೆಯಂದಿರ ಸುದ್ದಿ ಹೇಳುತ್ತ ಸಾಗುವ ವಾಕಿಂಗ್ ಮನಸ್ಸಿಗೆ ಹಿತವೇ, ಹೃದಯಕ್ಕೆ ಅದು ತಲುಪುವುದಿಲ್ಲ. ಮೊದಲ ಹತ್ತು ನಿಮಿಷ ಬಿರುಸಾಗಿ ನಡೆದು, ಆಮೇಲೆ ಸುದ್ದಿಗೆ ಇಳಿಯಬಹುದು.

ಡ್ರೂ ಪ್ರಯೋಗದ ಪ್ರಮಾಣವನ್ನೇ ಹಿಡಿದರೆ ಮೊದಲ ನಾಲ್ಕು ವಾರ ದಿನಕ್ಕೆ 12 ನಿಮಿಷದಂತೆ ಆರು ದಿನ. ಮುಂದಿನ ನಾಲ್ಕು ವಾರ 17 ನಿಮಿಷ, ಅದರ ಮುಂದಿನ ನಾಲ್ಕಕ್ಕೆ 23. ಹನ್ನೆರಡು ವಾರಕ್ಕೆ 136ರ ಗುಂಪನ್ನು ಮುಟ್ಟಿದಂತಾಯಿತು. ಒಂದೇ ಬಾರಿಗೆ ಮಾಡಬೇಕೆಂದಿಲ್ಲ; ಕನಿಷ್ಠ ಹತ್ತು ನಿಮಿಷ ಒಟ್ಟಿಗೆ ಇರಬೇಕು ಎಂಬ ಹಳೆಯ ನಿಯಮವನ್ನು 2020ರಲ್ಲೇ ಕೈಬಿಟ್ಟಿದ್ದಾರೆ. ವಾರದ ದಿನಗಳಲ್ಲಿ ಆಗದವರು ಶನಿವಾರ ಭಾನುವಾರಕ್ಕೆ ಕೂಡಿಟ್ಟುಕೊಂಡರೂ ಹೃದಯಕ್ಕೆ ಲಾಭ ಹೆಚ್ಚುಕಡಿಮೆ ಅಷ್ಟೇ ಎಂದು ಬ್ರಿಟನ್ನಿನಲ್ಲಿ 89,573 ಮಂದಿಯ ಮಣಿಕಟ್ಟಿಗೆ ಮಾಪಕ ಕಟ್ಟಿ ನಡೆಸಿದ ಅಧ್ಯಯನ 2023ರಲ್ಲಿ ತೋರಿಸಿದೆ.

ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನ ಸ್ನಾಯುಬಲದ ಕೆಲಸ ಸೇರಬೇಕು: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ಹಿಮ್ಮಡಿ ಎತ್ತಿ ಇಳಿಸುವುದು, ಎರಡು ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚುವುದು. ತಲಾ 8ರಿಂದ 12 ಸಲ, ಎರಡು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆಗದಿದ್ದರೆ ಭಾರ ಸಾಲದು ಎಂದರ್ಥ. ಉಸಿರು ಬಿಗಿಹಿಡಿದರೆ ಬಿಪಿ ತಟ್ಟನೆ ಏರುತ್ತದೆ, ಎತ್ತುವಾಗ ಉಸಿರು ಬಿಡಬೇಕು. 65 ದಾಟಿದವರು ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವಂಥ ಸಮತೋಲನದ ಅಭ್ಯಾಸವನ್ನೂ ವಾರಕ್ಕೆ ಮೂರು ದಿನ ಮಾಡಬೇಕು.

ಹೆಂಗಸರಲ್ಲಿ ವ್ಯಾಯಾಮ ಅರ್ಧಕ್ಕೆ ನಿಲ್ಲಲು ಸೋಮಾರಿತನ ಕಾರಣ ಎಂದು ನಾನು ನಂಬುವುದಿಲ್ಲ. ಎರಡು ವಾರವಾದರೂ ಏದುಸಿರು ತಗ್ಗದಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು, ಗಂಡಸರಲ್ಲಿ ಶೇ 25. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿರುವವರಿಗೆ ಸಾಮಾನ್ಯವಾಗಿ ಬೇಕಾದದ್ದು ಕಬ್ಬಿಣಾಂಶ, ಛಲವಲ್ಲ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳದ್ದು: ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಜೋರಾಗಿ ನಡೆದರೆ, ಕೆಮ್ಮಿದರೆ ಮೂತ್ರ ಸೋರುವುದು. ಇದಕ್ಕೆ ಮದ್ದು ವ್ಯಾಯಾಮವೇ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿಯುವಂತೆ ಒಳಸ್ನಾಯುಗಳನ್ನು ಮೇಲಕ್ಕೆಳೆದು ಆರೇಳು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಂದು ಬಾರಿಗೆ ಕನಿಷ್ಠ 8 ಸಲ, ದಿನಕ್ಕೆ ಮೂರು ಬಾರಿ, ಮೂರು ತಿಂಗಳು. ಹೊಟ್ಟೆ, ಪೃಷ್ಠ ಬಿಗಿದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡಬಾರದು.

ಗಂಡಸರದು ಬೇರೆಯದೇ ಪೇಚು: ವರ್ಷವಿಡೀ ಕೂತಿದ್ದು ಒಂದು ಭಾನುವಾರ ಆಫೀಸಿನ ಕ್ರಿಕೆಟ್ ಪಂದ್ಯದಲ್ಲಿ ಇಪ್ಪತ್ತರ ಹುಡುಗನಂತೆ ಓಡುವುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಕರ್ನಾಟಕದಲ್ಲಿ ಜಿಮ್ ಎಂದರೇ ಭಯವಾಯಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. ಒಬ್ಬರ ಸಾವಿನಿಂದ ನಿಯಮ ಮಾಡಲಾಗದು. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಹೀಗಿದೆ: ಭಾರಿ ಶ್ರಮದ ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ, ವಾರಕ್ಕೆ ಒಂದು ಸಲವೂ ವ್ಯಾಯಾಮ ಮಾಡದವರಲ್ಲಿ 107 ಪಟ್ಟು ಏರುತ್ತದೆ, ವಾರಕ್ಕೆ ಐದು ಸಲ ಅಥವಾ ಹೆಚ್ಚು ಮಾಡುವವರಲ್ಲಿ 2.4 ಪಟ್ಟು. ಆ ಒಂದು ಗಂಟೆಯ ಮೂಲ ಅಪಾಯವೇ ತೀರ ಚಿಕ್ಕದು, ಹಾಗಾಗಿ ನೂರು ಪಟ್ಟು ಎಂದು ಕಂಗಾಲಾಗಬೇಕಿಲ್ಲ. ಭಯಪಡಬೇಕಾದದ್ದು ಅಭ್ಯಾಸವಿಲ್ಲದ ದೇಹದ ದಿಢೀರ್ ಆವೇಶಕ್ಕೆ. 40 ದಾಟಿದವರು, ಸಕ್ಕರೆ, ಬಿಪಿ, ಧೂಮಪಾನ, ಮನೆತನದಲ್ಲಿ ಹೃದ್ರೋಗ ಇರುವವರು ತೀವ್ರ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಬೇಕು. ನಡೆಯುವಾಗ ಎದೆ ಹಿಡಿದಂತಾಗಿ ನಿಂತರೆ ಬಿಡುತ್ತದೆ ಎಂದಾದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಮುಚ್ಚಿಡಬಾರದು.

ಪರಿಣಾಮ ಬಂತೇ ಎಂದು ನೋಡಲು ಕಾಟಾದ ಬದಲು ಕಾಗದ ಬಳಸಿ. ಶುರು ಮಾಡುವ ದಿನ ಐದು ಪ್ರಶ್ನೆಗೆ ಹತ್ತರಲ್ಲಿ ಅಂಕ ಕೊಟ್ಟು ಎತ್ತಿಡಿ: ಎರಡು ಮಹಡಿ ಹತ್ತುವುದು ಎಷ್ಟು ಸುಲಭ, ಸಂಜೆ ಆರರ ಹೊತ್ತಿಗೆ ಎಷ್ಟು ಚೈತನ್ಯ ಉಳಿದಿರುತ್ತದೆ, ನಿದ್ದೆ ಹೇಗಿದೆ, ಈ ತಿಂಗಳು ಮನಸ್ಸು ಹೇಗಿತ್ತು, ನೋವು ಎಷ್ಟು ಕಾಡಿತು. ಹನ್ನೆರಡು ವಾರದ ಮೇಲೆ ಹಳೆಯದನ್ನು ನೋಡದೆ ಮತ್ತೆ ಬರೆಯಿರಿ. ಸಾಮಾನ್ಯವಾಗಿ ಮೊದಲು ಕದಲುವುದು ಚೈತನ್ಯದ ಅಂಕ. ನೋವಿನದು ಅಲ್ಲಾಡದಿದ್ದರೆ ಬೇಸರ ಬೇಡ, ಡಲ್ಲಾಸ್‌ನಲ್ಲೂ ಪ್ರಮಾಣ ಹೆಚ್ಚಿಸಿದಂತೆಲ್ಲ ಅದು ತಗ್ಗಲಿಲ್ಲ. ಮಂಡಿ, ಬೆನ್ನಿನ ನೋವಿಗೆ ನಡಿಗೆಯ ನಿಮಿಷ ಏರಿಸುವುದಕ್ಕಿಂತ ತೊಡೆ ಮತ್ತು ಸೊಂಟದ ಸ್ನಾಯುಗಳ ಬಲ ಹೆಚ್ಚಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯುವುದು ಮೇಲು.